ಹಾಡಾದ ಕವಿತೆ, ಕಾಯಿಸಿದ ತಮಟೆ

ಎಪ್ಪತ್ತರ ದಶಕದ ದಲಿತ ಯುವಕರಿಗೆ ಗುರುತು ತಂದುಕೊಟ್ಟದ್ದು ಓದಿದ ಕವಿತೆಯೋ, ಹಾಡಿದ ಹಾಡೋ ಎಂದು ತಾವು ಕೇಳಿದ್ದೀರಿ. ನನ್ನ ಎಣಿಕೆಯಲ್ಲಿ ಹಾಡಿನ ಪಾಲೇ ದೊಡ್ಡದು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದದ್ದಕ್ಕೆ ಗಲಭೆಯೆದ್ದು ಅವರು ಮಂತ್ರಿಪದವಿಯನ್ನೇ ಬಿಡಬೇಕಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳೂ ನಡೆದವು. ಈ ಭಾಷೆ ನಮ್ಮದೂ ಹೌದೇ ಎಂಬ ಪ್ರಶ್ನೆ ಆಮೇಲೆ ಅವರಿಗೆ ಬರಿಯ ಚರ್ಚೆಯ ವಿಷಯವಾಗಿ ಉಳಿಯಲಿಲ್ಲ. 1975ರಲ್ಲಿ, ಇಪ್ಪತ್ತೊಂದರ ಹರೆಯದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಜಾತಿಯ ಹೆಸರೇ ಶೀರ್ಷಿಕೆಯಾಗಿತ್ತು, ಕೇರಿಯ ಆಡುಮಾತೇ ಕಾವ್ಯಭಾಷೆಯಾಗಿತ್ತು. ಪುಸ್ತಕವನ್ನು ಕಣ್ಣಲ್ಲಿ ಕಾಣದವರೂ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅಂಥ ಹಾಡುಗಳಿಗೆ ದನಿಗೂಡಿಸಿದರು.

ತಮಟೆಯನ್ನೂ ಗಮನಿಸಿ. ಹುಲ್ಲಿನ ಉರಿಗೆ ಹಿಡಿದು, ಚರ್ಮ ಬಿಗಿಯಾಗುವವರೆಗೆ ಕಾಯಿಸಿ, ಬೆರಳಿನಿಂದ ತಟ್ಟಿ ನಾದ ನೋಡಿ ಹೆಗಲಿಗೇರಿಸುವ ವಾದ್ಯವದು; ಊರಿನ ಸಾವಿಗೂ ಜಾತ್ರೆಗೂ ಬಿಟ್ಟಿಯಾಗಿ ಬಡಿಯಬೇಕಿದ್ದ ಅದೇ ತಮಟೆ ಮೆರವಣಿಗೆಯ ಮುಂದಕ್ಕೆ ಬಂತು. ಆದರೆ ಅದನ್ನು ಕೈಬಿಡುವುದೇ ಸ್ವಾಭಿಮಾನವೆಂದು ನಂಬಿದ ಯುವಕರೂ ಇದ್ದರು, ಮತ್ತು ಅವರನ್ನು ಬೇರು ಮರೆತವರೆಂದು ತಾವು ಬರೆದದ್ದನ್ನು ನಾನು ಒಪ್ಪಲಾರೆ.