ಬೋರ್‌ವೆಲ್‌ನ ಬಿಸಿ ನೀರಿನಿಂದ ಕರೆಂಟ್ ತೆಗೆಯಬಹುದೇ?

ಅಕ್ಕಲಕೋಟೆ ಹತ್ತಿರದ ನಿಮ್ಮ 600 ಅಡಿ ಬೋರ್‌ನಲ್ಲಿ ಬೆಳಿಗ್ಗೆ ಬಿಸಿ ನೀರು ಬರುತ್ತಿದೆ, ಕೆಳಗೆ ಜ್ವಾಲಾಮುಖಿ ಇದೆಯೇ, ಕರೆಂಟ್ ತೆಗೆಯುವ ಯಂತ್ರ ಕೂರಿಸಬಹುದೇ ಎಂದು ಕೇಳಿದ್ದೀರಿ. ನೀರು ಬಿಸಿ ಅನಿಸಲು ಕಾರಣ ಜ್ವಾಲಾಮುಖಿಯಲ್ಲ, ಬಹುಶಃ ಹೊರಗಿನ ಚಳಿ. ಆಳದ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಜೋಳದ ಹೊಲದಲ್ಲೂ ಪೈಪಿನ ಬಾಯಿಂದ ಹಬೆ ಏಳುತ್ತಿತ್ತು. ಅಳೆದರೆ 29 ಡಿಗ್ರಿ ಅಷ್ಟೇ.

ನಮ್ಮ ಕರಿಕಲ್ಲು ಲಾವಾದಿಂದಲೇ ಆದದ್ದು, ನಿಜ. ಆದರೆ ಅದು ಸುಮಾರು 6.6 ಕೋಟಿ ವರ್ಷ ಹಳೆಯದು, ಯಾವಾಗಲೋ ಆರಿಹೋಗಿದೆ. ಈಗಿರುವುದು ಭೂಮಿಯ ಮಾಮೂಲಿ ಒಳಬಿಸಿ. ಒಂದು ಕಿಲೋಮೀಟರ್ ಇಳಿದರೆ 25–30 ಡಿಗ್ರಿ ಏರುತ್ತದೆ. 600 ಅಡಿಗೆ ಐದಾರು ಡಿಗ್ರಿ ಸಿಕ್ಕರೆ ಜಾಸ್ತಿ.

ಮೊದಲು ಪಂಪ್ ಅರ್ಧ ಗಂಟೆ ಓಡಲಿ. ಆಮೇಲೆ ತಂಬಿಗೆಯಲ್ಲಿ ನೀರು ಹಿಡಿದು ಥರ್ಮಾಮೀಟರ್ ಅದ್ದಿ. ಜ್ವರ ನೋಡುವುದು ಬೇಡ, ಶಾಲೆಯ ಲ್ಯಾಬಿನಲ್ಲಿರುವಂಥದ್ದು ಬೇಕು. ಮಧ್ಯಾಹ್ನ ಮತ್ತೊಮ್ಮೆ ಅಳೆಯಿರಿ. ಎರಡೂ ಸಲ 32ರ ಒಳಗೆ ಬಂದರೆ ಚಿಂತೆಯಿಲ್ಲ. ನೀರಿನ ಧಾರೆ ಸಣ್ಣಗಾಗುತ್ತಾ ಬಿಸಿ ಏರುತ್ತಿದ್ದರೆ ತಕ್ಷಣ ನಿಲ್ಲಿಸಿ. ಬೋರ್‌ನಲ್ಲಿ ನೀರು ಇಳಿದು ಮೋಟಾರ್ ಬಿಸಿಯಾಗುತ್ತಿರಬಹುದು, ನೋಡದೆ ಖಚಿತ ಹೇಳಲಾರೆ. ಮೆಕ್ಯಾನಿಕ್ ಕರೆಸಿ ಮೋಟಾರ್ ಎಷ್ಟು ಆಂಪಿಯರ್ ಕರೆಂಟ್ ಎಳೆಯುತ್ತಿದೆ ನೋಡಿಸಿ. ಮೋಟಾರ್ ಸರಿಯಿದ್ದೂ 40 ದಾಟಿದರೆ ಮಾತ್ರ ಜಿಲ್ಲೆಯ ಭೂಜಲ ಕಚೇರಿಗೆ ತಿಳಿಸಿ.

ಇನ್ನು ಕರೆಂಟ್ ವಿಷಯ. ಅಮೆರಿಕದ ಅಲಾಸ್ಕಾದಲ್ಲಿ ಚೆನಾ ಎಂಬ ಬಿಸಿನೀರಿನ ಬುಗ್ಗೆಯ ಬಳಿ 2006ರಿಂದ 74 ಡಿಗ್ರಿ ನೀರಿನಲ್ಲೇ ಕರೆಂಟ್ ಮಾಡುತ್ತಾರೆ. ಬೇಗ ಕುದಿಯುವ ಬೇರೊಂದು ದ್ರವವನ್ನು ಕಾಯಿಸಿ, ಅದರ ಆವಿಯಿಂದ ಟರ್ಬೈನ್ ತಿರುಗಿಸುತ್ತಾರೆ. ಆವಿಯನ್ನು ತಣಿಸಲು ಅಲ್ಲಿ ಕೊರೆಯುವ ತಣ್ಣೀರೂ ಇದೆ. ನಮ್ಮಲ್ಲಿ ಆ ಬಿಸಿಯೂ ಇಲ್ಲ, ಆ ತಂಪೂ ಇಲ್ಲ. ಯಂತ್ರ ಕೂರಿಸುತ್ತೇನೆಂದವರಿಗೆ ದಯವಿಟ್ಟು ಮುಂಗಡ ಕೊಡಬೇಡಿ. ಅದೇ ದುಡ್ಡು ಸೋಲಾರ್ ಪಂಪ್‌ಗೆ ಹಾಕಿ.