ಲಿಂಗನಮಕ್ಕಿ ನೀರನ್ನು ಯಾವ ಹೊತ್ತಿಗೆ ಬಿಡಬೇಕು?

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಬರೆದ ಪತ್ರದ ಸಾರ ಇದು: “ನಮ್ಮ ಅಜ್ಜನ ಗದ್ದೆ, ಮನೆ ಎರಡೂ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋದವು. ಈಗ ಸೋಲಾರ್ ಕರೆಂಟನ್ನು ಕೂಡಿಡುವ ನೆಪದಲ್ಲಿ ಶರಾವತಿ ಕಣಿವೆಯಲ್ಲಿ ಮತ್ತೆ ಸುರಂಗ ಕೊರೆಯುತ್ತಾರಂತೆ. ಮಳೆಗಾಲದಲ್ಲಿ ಬಿಸಿಲೇ ಕಾಣದ ನಮಗೆ ಸೋಲಾರ್‌ನಿಂದ ಏನು ಪ್ರಯೋಜನ? ಕಲ್ಲಿದ್ದಲೋ ಗ್ಯಾಸೋ ಸುಟ್ಟು ಕರೆಂಟು ಮಾಡಿಕೊಳ್ಳಲಿ, ಮಲೆನಾಡನ್ನು ಬಿಟ್ಟುಬಿಡಲಿ. ನಿಮ್ಮ ಪತ್ರಿಕೆ ಮಾತ್ರ ಸೋಲಾರ್ ಸೋಲಾರ್ ಅಂತ ಬರೆಯುತ್ತಲೇ ಇರುತ್ತದೆ. ಅಂದಹಾಗೆ, ನಮ್ಮ ಮನೆ ಮಾಡಿಗೆ ಪ್ಯಾನೆಲ್ ಹಾಕಿಸಬೇಕೋ ಬೇಡವೋ? ತೋಟದ ಮೇಲೆ ಒಂದು ಹಳ್ಳವೂ ಇದೆ.”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು. ಅದಕ್ಕಾಗಿ ಮನೆ ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಜಾಗದ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಇಂಥವರಿಗೆ “ನಾಡಿನ ಒಳಿತಿಗೆ ಇನ್ನೊಂದು ಯೋಜನೆ” ಅಂತ ಹೇಳುವುದಕ್ಕೆ ಮುಖ ಬೇಕು. ಆದರೆ ಆ ಸಿಟ್ಟಿನಿಂದ ಕಲ್ಲಿದ್ದಲಿನ ಕಡೆಗೆ ಹೊರಟಿದ್ದೀರಲ್ಲ, ಅಲ್ಲಿ ಮಾತ್ರ ನನ್ನ ತಕರಾರು.

ಮೊದಲು ಕಲ್ಲಿದ್ದಲಿನ ಲೆಕ್ಕ ನೋಡೋಣ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ರಾಯಚೂರಿನ ಶಕ್ತಿನಗರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಅವೆಲ್ಲ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 25 ಸಾವಿರ ಟನ್ ಕಲ್ಲಿದ್ದಲು ಬೇಕು. ಅಂದರೆ ಆರೇಳು ಗೂಡ್ಸ್ ರೈಲು, ಪ್ರತಿದಿನ. ತೆಲಂಗಾಣದ ಸಿಂಗರೇಣಿಯಿಂದಲೋ ಒಡಿಶಾದಿಂದಲೋ ಬರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬರೀ ಬೂದಿ. ಅದನ್ನೂ ರೈಲಿನಲ್ಲಿ ಹೊತ್ತು ತಂದು, ಸುಟ್ಟು, ಕೊನೆಗೆ ಅಲ್ಲೇ ಗುಡ್ಡೆ ಹಾಕಬೇಕು. ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಮಲೆನಾಡಿಗೆ ಇದರ ಬಿಸಿ ತಟ್ಟುವುದಿಲ್ಲ ಅಂದುಕೊಳ್ಳಬೇಡಿ. ಉಡುಪಿ ಹತ್ತಿರದ ನಂದಿಕೂರಿನಲ್ಲಿ ಆಮದು ಕಲ್ಲಿದ್ದಲು ಸುಡುವ 1,200 ಮೆಗಾವಾಟ್ ಸ್ಥಾವರ ಇದೆಯಲ್ಲ, ಅಲ್ಲಿಂದ ಹಾಸನಕ್ಕೆ ಹೋಗುವ 400 ಕೆ.ವಿ. ಲೈನು ಘಟ್ಟದ ಕಾಡನ್ನು ಸೀಳಿಕೊಂಡೇ ಹತ್ತಿದೆ.

ಗ್ಯಾಸ್ ವಿಷಯ ಬೇಗ ಮುಗಿಸುತ್ತೇನೆ. ಉರಿಸುವಾಗ ಅದು ಕಲ್ಲಿದ್ದಲಿಗಿಂತ ಶುದ್ಧ, ಇಂಗಾಲ ಸುಮಾರು ಅರ್ಧ. ಬೇಕೆಂದಾಗ ಬೇಗ ಶುರು ಮಾಡಬಹುದು, ಬೇಗ ನಿಲ್ಲಿಸಬಹುದು. ಯಲಹಂಕದಲ್ಲಿ 370 ಮೆಗಾವಾಟಿನ ಸ್ಥಾವರವೂ ಇದೆ. ತೊಂದರೆ ಇರುವುದು ಗ್ಯಾಸಿನಲ್ಲೇ. ದೇಶದಲ್ಲಿ ಸುಮಾರು 25 ಸಾವಿರ ಮೆಗಾವಾಟ್ ಗ್ಯಾಸ್ ಸ್ಥಾವರಗಳನ್ನು ಕಟ್ಟಿ, ಕಡಿಮೆ ಬೆಲೆಯ ಗ್ಯಾಸ್ ಸಿಗದೆ ಹೆಚ್ಚಿನವನ್ನು ಸುಮ್ನೆ ನಿಲ್ಲಿಸಿದ್ದೇವೆ. ಹಡಗಿನಲ್ಲಿ ಬರುವ ಗ್ಯಾಸಿನ ಬೆಲೆ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಎಲ್ಲಿಗೆ ಏರಿತು ಅಂತ ನೆನಪಿದೆಯಲ್ಲ. ಎಲ್ಲೋ ಆಗುವ ಯುದ್ಧ ನೋಡಿಕೊಂಡು ನಾವು ಇಲ್ಲಿ ಪಂಪ್‌ಸೆಟ್ ಓಡಿಸಬೇಕೇ?

ಸೋಲಾರ್ ಬಗ್ಗೆ ನೀವು ಹೇಳಿದ್ದರಲ್ಲಿ ನಿಜ ಇದೆ. ಜುಲೈನಲ್ಲಿ ಆಗುಂಬೆ ಸುತ್ತಮುತ್ತ ಪ್ಯಾನೆಲ್ ಹಾಕಿದವರಿಗೆ ಸಿಗುವುದು ಪಾಚಿ ತಿಕ್ಕುವ ಕೆಲಸ. ಆದರೆ ನಮ್ಮ ಮನೆಗೆ ಬರುವ ಸೋಲಾರ್ ಕರೆಂಟು ನಮ್ಮ ಮಾಡಿನ ಮೇಲೇ ಹುಟ್ಟಬೇಕೆಂದೇನಿಲ್ಲ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ ಇದೆ. ಆ ಜಮೀನನ್ನು ರೈತರಿಂದ ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಜಮೀನಿನ ಹೆಸರು ರೈತನದೇ. ನಮ್ಮವರಿಗೆ 1964ರಲ್ಲಿ ಆ ಭಾಗ್ಯ ಇರಲಿಲ್ಲ.

ಈಗ ಶರಾವತಿಗೆ ಬರೋಣ. ನಾನು ಹೇಳಬೇಕಾದದ್ದು ಇರುವುದು ಇಲ್ಲೇ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಲಿಂಗನಮಕ್ಕಿಯ ನೀರು ತಳಕಳಲೆ ಎಂಬ ಸಣ್ಣ ಜಲಾಶಯಕ್ಕೆ ಬಂದು, ಅಲ್ಲಿಂದ 400 ಮೀಟರಿಗೂ ಜಾಸ್ತಿ ಕೆಳಗೆ ಬೀಳುತ್ತದೆ. ಹೀಗೆ ಸುಮಾರು ಸಾವಿರ ಲೀಟರ್ ಬಿದ್ದರೆ ಒಂದು ಯೂನಿಟ್. ಒಂದು ಟಿಎಂಸಿ ನೀರಿಗೆ ಹತ್ತಿರಹತ್ತಿರ ಮೂರು ಕೋಟಿ ಯೂನಿಟ್ ಆಯಿತು. ಪಾವಗಡದ ಪಾರ್ಕ್ ಒಳ್ಳೆಯ ಬಿಸಿಲಿನ ದಿನ ಸುಮಾರು ಒಂದು ಕೋಟಿ ಯೂನಿಟ್ ಕೊಡುತ್ತದೆ. ಆ ಹೊತ್ತಿನಲ್ಲಿ ಶರಾವತಿಯ ಟರ್ಬೈನುಗಳನ್ನು ಅಷ್ಟೇ ಪ್ರಮಾಣದಲ್ಲಿ ನಿಲ್ಲಿಸಿದರೆ, ಪಾವಗಡದ ಮೂರು ದಿನದ ಬಿಸಿಲು ಲಿಂಗನಮಕ್ಕಿಯಲ್ಲಿ ಒಂದು ಟಿಎಂಸಿ ನೀರನ್ನು ಉಳಿಸುತ್ತದೆ. ಉಳಿದ ನೀರನ್ನು ಸಂಜೆ ಆರರಿಂದ ಹತ್ತರವರೆಗೆ ಬಿಡಬಹುದು. ಏಪ್ರಿಲ್‌ಗೂ ಇಟ್ಟುಕೊಳ್ಳಬಹುದು. ಟರ್ಬೈನ್ ಕೆಲವೇ ನಿಮಿಷದಲ್ಲಿ ತಿರುಗಲು ಶುರುವಾಗುತ್ತದೆ. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಾಗಿದ್ದರೆ ಹಾಗಲ್ಲ, ಹಲವು ಗಂಟೆ ಕಾಯಿಸಬೇಕು. ಓಡುತ್ತಿರುವಾಗಲೂ ಅರ್ಧಕ್ಕಿಂತ ಕೆಳಗೆ ಇಳಿಸುವುದು ಕಷ್ಟ.

ನಮ್ಮ ಹಿರಿಯರು ಮನೆ ಮುಳುಗಿಸಿಕೊಂಡು ಕೊಟ್ಟ ನೀರು ಅದು. ಮಧ್ಯಾಹ್ನ ಹನ್ನೆರಡಕ್ಕೆ, ಬಯಲುಸೀಮೆಯಲ್ಲಿ ಬಿಸಿಲು ಸುರಿಯುತ್ತಿರುವಾಗ, ಅದನ್ನು ಖರ್ಚು ಮಾಡುವುದು ಎಂಥ ದುಂದು ಅಲ್ವಾ? ಮಾರ್ಚ್, ಏಪ್ರಿಲ್‌ನಲ್ಲಿ ಪಂಪ್‌ಸೆಟ್‌ಗಳಿಂದ ಬೇಡಿಕೆ ಏರುತ್ತದೆ. ಬಿಸಿಲೂ ಆಗಲೇ ಜೋರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಕುಗ್ಗಿದರೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳು ಜೋರಾಗಿ ತಿರುಗುತ್ತವೆ.

ಹಾಗಂತ ಎಲ್ಲ ಸಲೀಸು ಅಂತ ನಾನು ಹೇಳುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ಅಣೆಕಟ್ಟು ತುಂಬಲಿಲ್ಲ, ಮಳೆ ಇಲ್ಲದ್ದಕ್ಕೆ ಪಂಪ್‌ಸೆಟ್‌ಗಳೂ ನಿಲ್ಲಲಿಲ್ಲ. ಖಾಸಗಿಯವರು ಉತ್ಪಾದಿಸಿದ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿಯಬೇಕಾಯಿತು. ಅಂಥ ವರ್ಷಕ್ಕೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳು ಬೇಕೇ ಬೇಕು. ಇವತ್ತೇ ಅವುಗಳಿಗೆ ಬೀಗ ಹಾಕಿ ಎನ್ನುವವರ ಜೊತೆ ನಾನಿಲ್ಲ. ಹೊಸದಾಗಿ ಕಟ್ಟಲು ದುಡ್ಡು ಹಾಕಬೇಡಿ ಎನ್ನುತ್ತೇನೆ, ಅಷ್ಟೇ. ಹೊಸ ಸೋಲಾರ್ ಟೆಂಡರುಗಳಲ್ಲಿ ಯೂನಿಟ್‌ಗೆ ಎರಡೂವರೆ, ಮೂರು ರೂಪಾಯಿಗೆ ಕೊಡುವವರಿರುವಾಗ ಅದು ನಷ್ಟದ ಬಾಬ್ತು.

ಇನ್ನು ಸುರಂಗದ ಮಾತು. ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ತಳಕಳಲೆಗೆ ಮೇಲೆತ್ತಿ ಮತ್ತೆ ಕೆಳಗೆ ಬಿಡುವ 2,000 ಮೆಗಾವಾಟಿನ ಯೋಜನೆಯನ್ನು ನಾನೂ ಒಪ್ಪುವುದಿಲ್ಲ. ಎತ್ತಲು ಹತ್ತು ಯೂನಿಟ್ ಹಾಕಿದರೆ ಮರಳಿ ಸಿಗುವುದು ಸುಮಾರು ಎಂಟು. ಅದನ್ನಾದರೂ ಸಹಿಸಬಹುದು, ಯಾವ ಬ್ಯಾಟರಿಯಲ್ಲೂ ಸ್ವಲ್ಪ ಹೋಗುತ್ತದೆ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ಈಗಿರುವ ಅಣೆಕಟ್ಟಿನ ನೀರನ್ನು ಹೊತ್ತು ನೋಡಿ ಬಿಡುವುದನ್ನು ಮೊದಲು ಸರಿಯಾಗಿ ಮಾಡಲಿ. ಬ್ಯಾಟರಿಗಳನ್ನು ಸೋಲಾರ್ ಪಾರ್ಕಿನ ಪಕ್ಕದಲ್ಲೇ ಇಡಲಿ. ಅದಕ್ಕೆ ಕಾಡು ಕಡಿಯಬೇಕಿಲ್ಲ. ಸೋಲಾರ್ ಬೇಕು ಎನ್ನುವುದಕ್ಕೂ ಈ ಸುರಂಗ ಬೇಡ ಎನ್ನುವುದಕ್ಕೂ ಜಗಳವೇ ಇಲ್ಲ.

ಕೊನೆಗೆ ನಿಮ್ಮ ಮನೆ ಮಾಡು. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ ಗೃಹಜ್ಯೋತಿಯಿಂದ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಹಾಕಿದ ದುಡ್ಡು ಬೇಗ ಹುಟ್ಟುವುದಿಲ್ಲ. ಇನ್ನೊಂದು ವಿಷಯ, ಇದನ್ನು ಮಾರುವವರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ (ಆನ್‌ಗ್ರಿಡ್) ಸೋಲಾರ್, ಮೆಸ್ಕಾಂ ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್ ಕಂಬ ಹತ್ತಿದಾಗ ನಿಮ್ಮ ಮನೆಯ ಕರೆಂಟು ಅವನಿಗೆ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಮರ ಬಿದ್ದು ಮೂರು ದಿನ ಕತ್ತಲಾದರೆ ಪ್ಯಾನೆಲ್ ಇದ್ದೂ ಇಲ್ಲದಂತೆ. ಕಲ್ಲಿದ್ದಲಿನ ಕರೆಂಟೂ ಅದೇ ಲೈನಿನಲ್ಲಿ ಬರಬೇಕಲ್ಲ, ಅದೂ ಬರುವುದಿಲ್ಲ ಬಿಡಿ.

ನನಗೆ ಆಸೆ ಹುಟ್ಟಿಸಿದ್ದು ನಿಮ್ಮ ಹಳ್ಳ. ಸೆಕೆಂಡಿಗೆ ಹತ್ತು ಲೀಟರ್ ನೀರು 20 ಮೀಟರ್ ಇಳಿದರೆ ಸಣ್ಣ ಟರ್ಬೈನಿನಿಂದ ಸುಮಾರು ಒಂದು ಕಿಲೋವಾಟ್ ಸಿಗುತ್ತದೆ, ಹಗಲೂ ರಾತ್ರಿ. ದೀಪ, ಫ್ಯಾನು, ಟಿವಿಗೆ ಧಾರಾಳ. ಮಲೆನಾಡಿನಲ್ಲಿ ಇಂಥವನ್ನು ಹಾಕಿಸಿಕೊಂಡ ಮನೆಗಳಿವೆ. ಪ್ಯಾನೆಲ್ ಮಲಗುವ ಜೂನ್, ಜುಲೈನಲ್ಲೇ ಅದಕ್ಕೆ ಸುಗ್ಗಿ. ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ಇರುತ್ತದೆ, ಒಂದು ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ, ಮನೆಗೂ ಹಳ್ಳಕ್ಕೂ ಎತ್ತರ ಎಷ್ಟು ಅಂತ ಅಳೆದು ಬರೆಯಿರಿ. ಮುಂದಿನ ಲೆಕ್ಕ ಆಮೇಲೆ ಮಾಡೋಣ.

— ಸಂಪಾದಕ