ಕಾಯಿದೆ 1961ರದು, ಹಾಗಾದರೆ ಅರಸು ಮಾಡಿದ್ದೇನು?

ಮಾನ್ಯರೇ,

ದೇವರಾಜ ಅರಸು ಅವರ ಕುರಿತ ನಮ್ಮ ಲೇಖನಕ್ಕೆ ನಿಮ್ಮ ತಕರಾರು ಇದು: ಭೂಸುಧಾರಣಾ ಕಾಯಿದೆ 1961ರದು, 1958ರಲ್ಲೇ ಮಸೂದೆ ಮಂಡಿಸಿದವರು ಆಗಿನ ಕಂದಾಯ ಸಚಿವ ಕಡಿದಾಳ್ ಮಂಜಪ್ಪ, ಶ್ರೇಯಸ್ಸು ಅರಸರಿಗೇಕೆ? ಮಂಜಪ್ಪನವರ ಹೆಸರು ಬಿಟ್ಟದ್ದು ನಮ್ಮದೇ ತಪ್ಪು, ಒಪ್ಪಿದೆವು.

ಆದರೆ ಆ ಕಾಯಿದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ಕ್ಕೆ. ಅದರಲ್ಲಿ ಒಡೆಯನಿಗೆ ಒಂದು ಕಂಡಿ ಉಳಿದಿತ್ತು: ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಜಮೀನು ಬಿಡಿಸಿಕೊಳ್ಳಬಹುದಿತ್ತು. ಗೇಣಿ, ಅಂದರೆ ಒಡೆಯನಿಗೆ ಬಾಡಿಗೆ ಕೊಟ್ಟು ಉಳುವ ಒಪ್ಪಂದ, ಬಾಯಿಮಾತಿನದು; ರಸೀದಿ ಇಲ್ಲ, ಜಮೀನಿನ ದಾಖಲೆಯಾದ ಪಹಣಿಯಲ್ಲಿ ಗೇಣಿದಾರನ ಹೆಸರಿಲ್ಲ. ಒಕ್ಕಲೆಬ್ಬಿಸುವುದು ಎಷ್ಟು ಹೊತ್ತಿನ ಕೆಲಸ?

1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದ ಅರಸು 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಆ ಕಂಡಿ ಮುಚ್ಚಿದ್ದು ಅವರ ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿ ಜಮೀನು ನೇರವಾಗಿ ಸರ್ಕಾರಕ್ಕೆ ಸೇರಿತು. ಒಡೆಯನಿಗೆ ಉಳಿದದ್ದು ಪರಿಹಾರ. ಸೈನಿಕರು, ನಾವಿಕರು ಕೊಟ್ಟ ಗೇಣಿಗೆ ವಿನಾಯಿತಿ ಇತ್ತು.

ಆ ಜಮೀನಿನ ಹಕ್ಕು ತನಗೆ ಬೇಕೆಂದು ಉಳುವವನು ತುಂಬಬೇಕಿದ್ದ ಅರ್ಜಿಯೇ ನಮೂನೆ 7, ಕರಾವಳಿಯವರ ಬಾಯಲ್ಲಿ ‘ಡಿಕ್ಲರೇಷನ್’. ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ವಿಚಾರಣೆ ಭೂ ನ್ಯಾಯಮಂಡಳಿಯಲ್ಲಿ: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ವಕೀಲರ ಎದುರು ಒಕ್ಕಲು ಬಾಯಿ ಬಿಡುವುದು ಕಷ್ಟ ಎಂಬುದು ಬಲ್ಲವರಿಗೆ ಗೊತ್ತು. ಆದರೂ 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಹಕ್ಕು ಸಿಕ್ಕವರಿಗೆ ಕೊನೆಗೆ ಕೈಗೆ ಬಂದದ್ದು ನಮೂನೆ 10ರ ಹಕ್ಕುಪತ್ರ.

ಎಡವಿದ್ದು ಎಲ್ಲಿ? ಕೂಡುಕುಟುಂಬದ ಹಿರಿಯ ತನ್ನೊಬ್ಬನ ಹೆಸರಲ್ಲಿ ಅರ್ಜಿ ಹಾಕಿದ. ತಮ್ಮಂದಿರ ಮಕ್ಕಳು ಪಾಲಿಗಾಗಿ ಇಂದಿಗೂ ಕೋರ್ಟಿಗೆ ಅಲೆಯುತ್ತಾರೆ. ಧಣಿಯ ಮುಖ ನೋಡಿ ಅರ್ಜಿಯನ್ನೇ ಹಾಕದವರೂ ಇದ್ದರು. ಗೇಣಿ ಹೆಚ್ಚಿದ್ದ ಕರಾವಳಿ, ಮಲೆನಾಡುಗಳಲ್ಲಿ ಕಾಯಿದೆ ಬಲವಾಗಿ ಕೆಲಸ ಮಾಡಿತು. ಗೇಣಿಯೇ ಇಲ್ಲದೆ ದಿನಗೂಲಿಗೆ ದುಡಿದವನು ಮಾತ್ರ ಕಾಯಿದೆಯ ಕಣ್ಣಲ್ಲಿ ‘ಉಳುವವನು’ ಆಗಲೇ ಇಲ್ಲ. ಅವನ ಬಗ್ಗೆ ನೀವು ಬರೆದಿದ್ದರೆ ನಮಗೆ ಉತ್ತರ ಕೊಡುವುದು ಇನ್ನೂ ಕಷ್ಟವಾಗುತ್ತಿತ್ತು.

— ಸಂಪಾದಕ